ಶಿವರಾಮುವಿನ ಪೆನ್ನುಗಳು

ರೆಸಿನ್ ತುಂಡು ಬೆಚ್ಚಗಿದ್ದರೆ, ಲೇತಿನ ಮೇಲೆ ತಿರುಗುವಾಗ ಉಳಿಯ ಬಾಯಿಂದ ಸುರುಳಿಸುರುಳಿಯಾಗಿ ಬಿಚ್ಚಿಕೊಳ್ಳುತ್ತದೆ. ಬಡಗಿ ಕೀಸುಳಿ ಹಾಕಿದಾಗ ಮರ ಬಿಚ್ಚಿಕೊಳ್ಳುವ ಹಾಗೆ. ತಣ್ಣಗಿದ್ದರೆ ಕಲ್ಲುಪ್ಪು ಕುಟ್ಟಿದಂತೆ ಹರಳುಹರಳಾಗಿ ಸಿಡಿಯುತ್ತದೆ. ಹಾಗೆ ಸಿಡಿಯಲು ಶುರುವಾದರೆ ಕೂಡಲೇ ಲೇತ್ ನಿಲ್ಲಿಸಬೇಕು. ಇಲ್ಲದಿದ್ದರೆ ಉಳಿ ಎಲ್ಲೋ ಒಂದು ಕಡೆ ಕಚ್ಚಿಕೊಂಡು ತುಂಡು ಎರಡಾಗುತ್ತದೆ. ಒಂದು ಭಾಗ ಹಾರಿ ಗ್ಯಾರೇಜಿನ ಬಾಗಿಲಿಗೆ ಬಡಿಯುತ್ತದೆ. ಇಷ್ಟನ್ನು ಕಲಿಯುವುದರೊಳಗೆ ನಾನು ಏಳು ತುಂಡುಗಳನ್ನು ಕಳೆದುಕೊಂಡಿದ್ದೆ.

ಈ ಕೆಲಸ ಶುರು ಮಾಡಿದ್ದು 1986ರ ಅಕ್ಟೋಬರಿನಲ್ಲಿ, ಶಿವರಾಮುವಿಗಾಗಿ. ನಾವಿಬ್ಬರೂ ದೇಶ ಬಿಟ್ಟು ಬಂದು ಮಿಲ್ಪಿಟಾಸಿನ ಒಂದೇ ಕಂಪನಿಯಲ್ಲಿದ್ದೆವು. ಅವನು ಸರ್ಕ್ಯೂಟುಗಳನ್ನು ಪರೀಕ್ಷಿಸುತ್ತಿದ್ದ. ಅವನು ಸರಿಯೆಂದು ಕಳಿಸಿದವನ್ನು ನನ್ನ ವಿಭಾಗದಲ್ಲಿ ನಾವು ದ್ರವ ರೆಸಿನ್‌ನಲ್ಲಿ ಮುಳುಗಿಸಿ, ಅದು ಗಟ್ಟಿಯಾಗಿ ಕಲ್ಲಿನಂತಾಗುವವರೆಗೆ ಕಾದು ಪೆಟ್ಟಿಗೆಗೆ ತುಂಬುತ್ತಿದ್ದೆವು. ಮಧ್ಯಾಹ್ನ ಒಂದೇ ಮೇಜಿನಲ್ಲಿ ಡಬ್ಬಿ ಬಿಚ್ಚುತ್ತಿದ್ದೆವು. ಹದಿಮೂರು ವರ್ಷ ಹಾಗೆ ನಡೆಯಿತು. ಆಮೇಲೆ ಅವನ ನಾಲಿಗೆ ತೊದಲಿತು. ಹಗಲಲ್ಲೇ ಕುಡಿದು ಬರುತ್ತಾನೆಂದು ಮ್ಯಾನೇಜರು ಎರಡು ಬಾರಿ ಎಚ್ಚರಿಸಿದ. ಮೂರನೆಯ ಬಾರಿ ಕರೆಯುವಷ್ಟರಲ್ಲಿ ಡಾಕ್ಟರ ಕಾಗದ ಬಂದಿತ್ತು. ಮಿದುಳಿನಿಂದ ಸ್ನಾಯುಗಳಿಗೆ ಹೋಗುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಔಷಧ ಇಲ್ಲ. ಬುದ್ಧಿ ಮಾತ್ರ ಕೊನೆಯವರೆಗೂ ಪೂರ್ತಿ ಇರುತ್ತದೆ.

ಆ ಅಕ್ಟೋಬರಿನ ಹೊತ್ತಿಗೆ ಅವನ ಮಾತು ಸಂಪೂರ್ಣ ನಿಂತಿತ್ತು. ಉಳಿದದ್ದು ಬರವಣಿಗೆ. ಅದಕ್ಕೂ ಬಲಗೈ ಬೆರಳುಗಳು ಸೋಲತೊಡಗಿದ್ದವು. ಸಾಮಾನ್ಯ ಪೆನ್ನು ಜಾರಿ ಬೀಳುತ್ತಿತ್ತು. ಆಸ್ಪತ್ರೆಯವರು ಪೆನ್ನಿಗೆ ಸ್ಪಂಜು ಸುತ್ತಿಕೊಟ್ಟರು. ಸ್ಪಂಜು ಒತ್ತಿದಷ್ಟೂ ಒಳಗೆ ಹೋಗುತ್ತದೆ. ಬೆರಳಲ್ಲಿ ಉಳಿದ ಅಲ್ಪ ಬಲವನ್ನು ಅದೇ ತಿಂದುಬಿಡುತ್ತದೆ. ಜೊಲ್ಲು ಹೀರಿಕೊಂಡು ನಾಲ್ಕೇ ದಿನಕ್ಕೆ ನಾರಿತು ಬೇರೆ. ಬೇಕಾದದ್ದು ದಪ್ಪವೂ ಗಟ್ಟಿಯೂ ನುಣುಪೂ ಆದ, ತೊಳೆಯಬಹುದಾದ ಒಂದು ಹಿಡಿ. ನನಗೆ ರೆಸಿನ್ ಗೊತ್ತಿತ್ತು. ಎವರ್‌ಗ್ರೀನ್ ಬಡಾವಣೆಯ ನಮ್ಮ ಮನೆಯ ಗ್ಯಾರೇಜಿನಲ್ಲಿ, ಊರು ಬಿಟ್ಟು ಹೋದ ನೆರೆಯವನಿಂದ ಕೊಂಡ ಹಳೆಯ ಲೇತ್ ಒಂದಿತ್ತು. ಅದರ ಮೇಲೆ ಅದುವರೆಗೆ ಕಡೆದದ್ದು ಎರಡು ಲಟ್ಟಣಿಗೆ ಮಾತ್ರ.

ರೆಸಿನ್ನನ್ನು ಕೊಳವೆಯಲ್ಲಿ ಹೊಯ್ದು ಗಟ್ಟಿ ಮಾಡಿದ ಕೋಲಿಗೆ ಬ್ಲ್ಯಾಂಕು ಅನ್ನುತ್ತಾರೆ. ಅದಕ್ಕೆ ನಡುವೆ ತೂತು ಕೊರೆದು, ಲೇತಿಗೆ ಕಟ್ಟಿ, ಬೇಕಾದ ಆಕಾರಕ್ಕೆ ಕಡೆದು, ತೂತಿನೊಳಗೆ ಒತ್ತದೆಯೇ ಬರೆಯುವ ಮೆತ್ತನೆಯ ತುದಿಯ ಶಾಯಿಕಡ್ಡಿಯನ್ನು ಕೂರಿಸುತ್ತಿದ್ದೆ. ಹೇಳಲು ಇಷ್ಟೇ. ಆದರೆ ನಮ್ಮ ಕಾರ್ಖಾನೆಯ ರೆಸಿನ್ ಸರ್ಕ್ಯೂಟಿಗಾಗಿ ಮಾಡಿದ್ದು, ಪೆನ್ನಿಗಲ್ಲ. ಬಗ್ಗುವುದು ಅದಕ್ಕೆ ಗೊತ್ತಿಲ್ಲ, ಒಡೆಯುವುದೊಂದೇ ಗೊತ್ತು. ಚಳಿಗಾಲದ ಬೆಳಗ್ಗೆ ನಮ್ಮ ಗ್ಯಾರೇಜಿನಲ್ಲಿ ಏಳೆಂಟು ಡಿಗ್ರಿ. ಆ ಚಳಿಯಲ್ಲಿ ಅದು ಗಾಜಿಗಿಂತ ಕಡೆ. ಕೊರೆಯುವ ಮೊದಲು ನಲವತ್ತು ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಮಾತ್ರ ಮಾತು ಕೇಳುತ್ತದೆ.

ಮನೆಯಲ್ಲಿ ನಲವತ್ತು ಡಿಗ್ರಿ ಇದ್ದದ್ದು ಒಂದೇ ಕಡೆ: ಅಡುಗೆಮನೆಯ ಗ್ಯಾಸ್ ಓವನ್ನಿನೊಳಗೆ. ಅದರ ತಳದಲ್ಲಿ ಸದಾ ಉರಿಯುವ ಪುಟ್ಟ ದೀಪದ ಶಾಖಕ್ಕೆ ನನ್ನ ಹೆಂಡತಿ ವೇದವತಿ ಮೊಸರು ಹೆಪ್ಪು ಹಾಕುತ್ತಿದ್ದಳು. ಮೊಸರಿನ ಪಾತ್ರೆಯ ಪಕ್ಕದಲ್ಲಿ ಟವೆಲಿನಲ್ಲಿ ಸುತ್ತಿದ ಎರಡು ಬ್ಲ್ಯಾಂಕು ಇಟ್ಟೆ. ಮಾರನೆಯ ದಿನ ಅವಳು ಚಮಚದ ತುದಿಯಲ್ಲಿ ರುಚಿ ನೋಡಿ ಸಿಂಕಿಗೆ ಓಡಿದಳು.

"ರೀ, ಇದು ಮೊಸರಾ, ಪೇಂಟಾ?"

"ಸ್ವಲ್ಪ ವಾಸನೆ ಹಿಡಿದಿರಬಹುದು."

"ಸ್ವಲ್ಪವಂತೆ! ದೇವರ ನೈವೇದ್ಯಕ್ಕೆ ಇದನ್ನೇ ಇಡೋದಿತ್ತು ಇವತ್ತು. ಆ ದೇವರೂ ಲೇತ್ ಮೇಲೆ ಹತ್ತಿ ಕೂತ್ಕೋಬೇಕಿತ್ತು!" ಎಂದು ಇಡೀ ಪಾತ್ರೆ ಸುರಿದಳು. ಆಮೇಲೆ ಟವೆಲು ಬಿಚ್ಚಿ ಬ್ಲ್ಯಾಂಕುಗಳನ್ನು ನೋಡಿದಳು. "ಇದು ಶಿವರಾಮು ಅವರಿಗಾ?"

"ಹೂಂ."

ಅಂದಿನಿಂದ ಮೊಸರಿನ ಪಾತ್ರೆ ನೀರು ಕಾಯಿಸುವ ಟ್ಯಾಂಕಿನ ಕಪಾಟಿಗೆ ಹೋಯಿತು. ಓವನ್ ಪೆನ್ನಿನ ಪಾಲಿಗೆ ಬಂತು.

ಮೊದಲ ಪೆನ್ನು ಹದಿನಾಲ್ಕು ಮಿಲಿಮೀಟರ್ ದಪ್ಪ. ಬಲ ಹೆಬ್ಬೆರಳಿಗೆ ಒಂದು, ತೋರುಬೆರಳಿಗೆ ಒಂದು ಹಳ್ಳ ಅರದಿಂದ ಉಜ್ಜಿದ್ದೆ. ಶಿವರಾಮು ಅದನ್ನು ಹಿಡಿದು ಬರೆದ ಮೊದಲ ವಾಕ್ಯ: "ಲೋ ದ್ವಾರಕಿ, ಇದರಲ್ಲಿ ಸ್ಪೆಲ್ಲಿಂಗ್ ಮಿಸ್ಟೇಕ್ ಆಗಲ್ಲ ಅಂತ ಗ್ಯಾರಂಟಿ ಇದೆಯಾ?" ಇಂದು ಎನ್ನುವುದು ಅವನ ಹೆಂಡತಿಯ ಹೆಸರು; ಅವಳು ಜೋರಾಗಿ ಓದಿ ನಕ್ಕಳು. ಎಂಟು ವರ್ಷದ ಮಗಳು ಆ ಕಾಗದವನ್ನು ಫ್ರಿಜ್ಜಿಗೆ ಅಂಟಿಸಿದಳು.

ಆ ಪೆನ್ನು ನಾಲ್ಕು ವಾರ ನಡೆಯಿತು. ಕೈಯಲ್ಲಿ ಬಲ ಕಡಿಮೆಯಾದಷ್ಟೂ ಹಿಡಿ ದಪ್ಪವಾಗಬೇಕು. ನವೆಂಬರಿನಲ್ಲಿ ಹದಿನೆಂಟು ಮಿಲಿಮೀಟರ್, ಡಿಸೆಂಬರಿನಲ್ಲಿ ಇಪ್ಪತ್ತನಾಲ್ಕು, ಜನವರಿಗೆ ಮೂವತ್ತು. ದಪ್ಪ ಬ್ಲ್ಯಾಂಕನ್ನು ಒಂದೇ ಸಲ ಹೊಯ್ಯುವಂತಿಲ್ಲ. ರೆಸಿನ್ ಗಟ್ಟಿಯಾಗುವಾಗ ತನ್ನಷ್ಟಕ್ಕೆ ಕಾಯುತ್ತದೆ. ದಪ್ಪವಿದ್ದರೆ ಒಳಗಿನ ಕಾವು ಹೊರಬರಲಾಗದೆ ಬಿರುಕು ಬಿಡುತ್ತದೆ. ಆದ್ದರಿಂದ ಪದರದ ಮೇಲೆ ಪದರ, ದಿನಕ್ಕೊಂದು. ಒಂದು ಬ್ಲ್ಯಾಂಕಿಗೆ ಐದು ದಿನ. ಒಂದು ಪುಸ್ತಕದಲ್ಲಿ ತಾರೀಖು, ವ್ಯಾಸ, ಗ್ಯಾರೇಜಿನ ಉಷ್ಣಾಂಶ ಬರೆದಿಡುತ್ತಿದ್ದೆ. ಆ ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲೆ ಎಳೆದು ನೋಡುವ ಧೈರ್ಯ ಮಾತ್ರ ಬರಲಿಲ್ಲ. ಎಳೆಯದಿದ್ದರೂ ಗೆರೆ ಎತ್ತ ಹೋಗುತ್ತದೆಂದು ಗೊತ್ತಿತ್ತು.

ಡಿಸೆಂಬರಿನಲ್ಲಿ, ಕೈ ದಣಿದು ಬರೆಯಲಾಗದ ಹೊತ್ತಿಗೆಂದು, ಅವನಿಗೂ ನಮಗೂ ನಡುವೆ ಒಂದು ಒಪ್ಪಂದವಾಯಿತು. ಹೌದು ಎನ್ನಲು ಕಣ್ಣು ಮುಚ್ಚುವುದು, ಇಲ್ಲ ಎನ್ನಲು ನೋಟ ಪಕ್ಕಕ್ಕೆ ಸರಿಸುವುದು. ಇದು ಚೆನ್ನಾಗಿ ನಡೆಯಿತು, ಬರವಣಿಗೆ ನಿಂತರೂ ಪರವಾಗಿಲ್ಲ ಎಂದು ಇಂದು ನನಗೆ ಧೈರ್ಯ ಹೇಳಿದಳು. ಅದೇ ವಾರ ಉಸಿರಾಟದ ಮಿಷನ್ನಿನ ಮಾತು ಬಂತು. ಎದೆಯ ಸ್ನಾಯುಗಳೂ ಸೋತ ದಿನ ಗಂಟಲಿಗೆ ತೂತು ಮಾಡಿ ಮಿಷನ್ ಹಾಕಬಹುದು. ಹಾಕಿದರೆ ವರ್ಷಗಟ್ಟಲೆ ಹಾಗೇ ಇರಬಹುದು. ಬೇಕೋ ಬೇಡವೋ ಅವರೇ ಹೇಳಲಿ ಎಂದಿದ್ದರು ಡಾಕ್ಟರು. ಇಂದು ಅವನ ಮುಂದೆ ಮಂಡಿಯೂರಿ ಕೇಳಿದಳು: "ಮಿಷನ್ ಹಾಕಿದ್ರೆ ನೀವು ನಮ್ ಜೊತೆ ಇರ್ತೀರಿ. ಇರ್ತೀರಿ ತಾನೆ?"

ಶಿವರಾಮು ಕಣ್ಣು ಮುಚ್ಚಿದ.

ನಾನು ಪಕ್ಕದಲ್ಲೇ ಇದ್ದೆ. ಅವನು ಉತ್ತರಿಸಿದ್ದು ನಿಜ. ಆದರೆ ಪ್ರಶ್ನೆ ಅವನದಲ್ಲ. ಹೌದು-ಇಲ್ಲಗಳಲ್ಲಿ ಬದುಕುವವನು ಬೇರೆಯವರು ಕೇಳಿದ್ದಕ್ಕೆ ಮಾತ್ರ ಉತ್ತರಿಸಬಹುದು; ಯಾರಿಗೂ ಹೊಳೆಯದ ಪ್ರಶ್ನೆಯ ಉತ್ತರ ಅವನೊಳಗೇ ಉಳಿಯುತ್ತದೆ. ಪೆನ್ನು ನಿಲ್ಲಬಾರದೆಂದು ಆ ದಿನ ನಿರ್ಧರಿಸಿದೆ.

ಜನವರಿ ಮೂರನೆಯ ವಾರ ಮೂವತ್ತು ಮಿಲಿಮೀಟರಿನ ಪೆನ್ನೂ ಅವನ ಕೈಯಿಂದ ಉರುಳಿತು. ಮತ್ತೆ ಹಿಡಿಸಿದೆ. ಮತ್ತೆ ಉರುಳಿತು. ಬೆರಳುಗಳು ಹಾಸಿಗೆಯ ಮೇಲೆ ಯಾರೋ ಬಿಟ್ಟುಹೋದ ಕೈಗವಸಿನಂತೆ ಬಿದ್ದಿದ್ದವು. ನಾನು ಆ ಪೆನ್ನನ್ನು ಜೇಬಿಗೆ ಹಾಕಿಕೊಂಡು, "ಮೂವತ್ತಾರು ಮಾಡಿ ನೋಡೋಣ" ಅಂದೆ. ಅವನು ನೋಟ ಪಕ್ಕಕ್ಕೆ ಸರಿಸಿದ.

ಅದೇ ಶನಿವಾರ ಅವನ ಅಕ್ಕ ತಾಯಮ್ಮ ಮಂಡ್ಯದಿಂದ ಬಂದಿಳಿದರು. ತಾಯಿ ಬೇಗ ತೀರಿಕೊಂಡಿದ್ದರಿಂದ ಅವನನ್ನು ಸಾಕಿದ್ದು ಈ ಅಕ್ಕನೇ. ತಮ್ಮನನ್ನು ಕಂಡಾಗ ಅಳದೆ, ಹಣೆ ಮುಟ್ಟಿ, "ಏನ್ಲಾ, ಹಿಂಗಾ ಕೂತಿರೋದು ನೀನು, ಗೌಡನಂಗೆ?" ಎಂದರು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತರು.

ಭಾನುವಾರ ಇಂದು ದೇವರಿಗೆ ಮಂಗಳಾರತಿ ಮಾಡಿ, ಪ್ರಸಾದದ ಹೂವನ್ನು ಅವನ ಬಲ ಅಂಗೈಯಲ್ಲಿಟ್ಟು ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ಕೈ ಬಿಚ್ಚಿಕೊಂಡು ಹೂವು ಬಿತ್ತು. ತಾಯಮ್ಮ ನೋಡುತ್ತಿದ್ದರು.

"ಆ ಕೈ ಹೋಯ್ತು ಬುಡವ್ವ. ಈ ಕೈಗೆ ಕೊಡು."

"ಎಡಗೈಗೆ ಪ್ರಸಾದ ಹೇಗೆ ಕೊಡೋದು ಅತ್ತಿಗೆ?"

"ಮತ್ತೆ ಪೆನ್ನು? ಪೆನ್ನಾದ್ರೂ ಕೊಡ್ಬೋದಲ್ಲ? ಅವ್ನು ಎಡಚ ಅಲ್ವಾ?"

ನಾನು ಕಾಫಿ ಲೋಟ ಕೆಳಗಿಟ್ಟೆ. "ಏನಂದ್ರಿ ತಾಯಮ್ಮನವ್ರೇ?"

"ಎಡಚ ಕಣಪ್ಪ. ಹುಟ್ಟಾ ಎಡಚ. ಗೋಲಿ, ಬುಗುರಿ, ಬಳಪ, ಎಲ್ಲಾ ಎಡಗೈಯಾಗೇ. ಎಡಗೈಲಿ ಉಂಡ್ರೆ ನೋಡ್ದೋರು ಏನಂದಾರು? ನಾನೇ ಹಳೇ ಸೀರೆ ಹರ್ದು ಆ ಕೈನ ಸೊಂಟಕ್ಕೆ ಕಟ್ಬುಟ್ಟಿದ್ದೆ. ಒಂದ್ವರ್ಸ. ಇಸ್ಕೂಲಾಗೆ ಮೇಷ್ಟ್ರು ಬ್ಯಾರೆ ಗಿಣ್ಣಿನ ಮ್ಯಾಲೆ ಹೊಡ್ಯೋರು. ಆಮ್ಯಾಕೆ ಬಲಗೈ ರೂಢಿ ಆಯ್ತು."

ನಾವು ಮೂವರೂ ಶಿವರಾಮುವಿನ ಕಡೆ ತಿರುಗಿದೆವು. ಅವನ ಕಣ್ಣು ಅಗಲವಾಗಿ ತೆರೆದಿತ್ತು. "ನಿನಗೆ ನೆನಪಿತ್ತಾ?" ಎಂದೆ. ನೋಟ ಪಕ್ಕಕ್ಕೆ ಸರಿಯಿತು. ಅವನಿಗೇ ಮರೆತುಹೋಗಿತ್ತು.

ನವೆಂಬರಿನಲ್ಲಿ ಆಸ್ಪತ್ರೆಯ ಹುಡುಗಿ ಒಂದು ಫಾರಂ ತುಂಬುತ್ತ, ಯಾವ ಕೈಯಲ್ಲಿ ಬರೆಯುತ್ತಾರೆ, ಇನ್ನೊಂದು ಕೈಯನ್ನೂ ಪರೀಕ್ಷಿಸಿ ನೋಡೋಣವೇ ಎಂದು ಕೇಳಿದ್ದಳು. ನಾನೇ ಉತ್ತರಿಸಿದ್ದೆ: ಬಲಗೈ, ಬೇರೆ ಪ್ರಶ್ನೆಯೇ ಇಲ್ಲ. ಇಂದುವೂ ತಲೆಯಾಡಿಸಿದ್ದಳು. ಶಿವರಾಮು ಕೂಡ. ನಾನು ವಿಜ್ಞಾನ ಓದಿದವನು. ಒಂದು ಅಳತೆಯನ್ನು ತೆಗೆಯದೆಯೇ ಬಿಡುವುದು ನಮ್ಮಲ್ಲಿ ದೊಡ್ಡ ತಪ್ಪು. ಮೂರು ತಿಂಗಳು ಅವನ ಬಲಗೈ ಬೆರಳುಗಳನ್ನು ವಾರವಾರವೂ ಅಳೆದೆ; ಪಕ್ಕದಲ್ಲೇ ಇದ್ದ ಎಡಗೈಯನ್ನು ಒಂದು ಸಲವೂ ಮುಟ್ಟಿ ನೋಡಲಿಲ್ಲ. ಆ ಕೈಗೆ ಏನನ್ನೂ ಕೊಡಬಾರದೆಂದು ನನಗೆ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಆ ಭಾನುವಾರ ಮುಟ್ಟಿ ನೋಡಿದೆ. ಹೆಬ್ಬೆರಳಿನಲ್ಲಿ ಬಲವಿರಲಿಲ್ಲ. ಆದರೆ ತೋರುಬೆರಳನ್ನೂ ನಡುಬೆರಳನ್ನೂ ಕತ್ತರಿಯಂತೆ ಕೂಡಿಸಬಲ್ಲವನಾಗಿದ್ದ. ನವೆಂಬರಿನಲ್ಲಾಗಿದ್ದರೆ ಇಡೀ ಕೈ ಇರುತ್ತಿತ್ತು.

ಹಳೆಯ ಪೆನ್ನುಗಳು ಈ ಹಿಡಿತಕ್ಕೆ ಆಗುವಂತಿರಲಿಲ್ಲ. ಎರಡು ಬೆರಳಿನ ನಡುವೆ ಸಿಕ್ಕಿ ನಿಲ್ಲಬೇಕಾದರೆ ಪೆನ್ನಿಗೆ ಸಣ್ಣ ಸೊಂಟ ಬೇಕು. ಕೆಳಗೆ ಬೀಳದಂತೆ ಮೇಲೂ ಕೆಳಗೂ ಗುಂಡಗೆ ಉಬ್ಬಿರಬೇಕು. ಉಬ್ಬು ಮೂವತ್ತು ಮಿಲಿಮೀಟರ್, ಸೊಂಟ ಒಂಬತ್ತು. ಅದರೊಳಗೆ ಶಾಯಿಕಡ್ಡಿಯ ತೂತು ಹೋದರೆ ಸೊಂಟದಲ್ಲಿ ಉಳಿಯುವ ಗೋಡೆ ಎರಡು ಮಿಲಿಮೀಟರಿಗೂ ಕಡಿಮೆ. ಇಂಥ ರೆಸಿನ್‌ನಲ್ಲಿ ಅಂಥ ಆಕಾರವನ್ನು ಯಾರೂ ಮಾಡಬಾರದು. ಎರಡು ಬ್ಲ್ಯಾಂಕುಗಳನ್ನು ಒಟ್ಟಿಗೆ ಹೊಯ್ದೆ, ಒಂದು ಒಡೆದರೆ ಇನ್ನೊಂದಿರಲಿ ಎಂದು. ಐದು ದಿನ ಪದರ, ಎರಡು ದಿನ ಓವನ್ನಿನಲ್ಲಿ. ಫೆಬ್ರವರಿ ಏಳರ ಬೆಳಗ್ಗೆ ಮೊದಲನೆಯದನ್ನು ಸ್ವೆಟರಿನೊಳಗೆ ಹೊಟ್ಟೆಗೆ ಒತ್ತಿಕೊಂಡು ಗ್ಯಾರೇಜಿಗೆ ಒಯ್ದೆ. ಹತ್ತು ನಿಮಿಷ ಕಡೆಯುವುದು, ಬಿಚ್ಚಿ ಓವನ್ನಿಗೆ ಕೊಡುವುದು, ಮತ್ತೆ ತಂದು ಹತ್ತು ನಿಮಿಷ. ವೇದವತಿ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದು, ನಾನು ಕೊಟ್ಟಾಗ ಒಳಗಿಡುತ್ತಿದ್ದಳು, ಕೇಳಿದಾಗ ಟವೆಲು ಸಮೇತ ಕೊಡುತ್ತಿದ್ದಳು. ಹದಿನೊಂದು ಬಾರಿ ಹಾಗೆ ಓಡಾಡಿದೆವು. ಸಂಜೆ ನಾಲ್ಕಕ್ಕೆ ಪೆನ್ನು ಮುಗಿಯಿತು.

ಅದೇ ಸಂಜೆ ಅವನ ಎರಡು ಬೆರಳಿನ ನಡುವೆ ಸಿಕ್ಕಿಸಿ ಹಾಳೆ ಹಿಡಿದೆ. ಒಂದನೇ ತರಗತಿಯ ಮಗುವಿನ ಅಕ್ಷರ. ಒಂದೊಂದಕ್ಕೂ ಅರ್ಧ ನಿಮಿಷ. "ಚನ್ನಪಟ್ಟಣದ ಬುಗುರಿ" ಎಂದು ಬರೆದು ಪೆನ್ನಿನ ಕಡೆ ನೋಡಿದ. ನಾವು ನಕ್ಕೆವು. ಆಮೇಲೆ ಬರೆದ: "ಕಾಲು ತಣ್ಣಗಿದೆ."

ಇಂದು ಹಾಸಿಗೆಯ ಕೊನೆಗೆ ಹೋಗಿ ಅವನ ಪಾದ ಮುಟ್ಟಿದಳು. "ಯಾವಾಗಿಂದ?"

"ಸಂಕ್ರಾಂತಿ."

ಹಸಿವಾ, ನೋವಾ, ಬಾತ್‌ರೂಮಾ, ಟಿ.ವಿ. ಬೇಕಾ, ದಿಂಬು ಎತ್ತರಿಸಲಾ ಎಂದು ನಾವು ದಿನಕ್ಕೆ ನೂರು ಸಲ ಕೇಳುತ್ತಿದ್ದೆವು. ಕಾಲು ತಣ್ಣಗಿದೆಯಾ ಎಂದು ಯಾರೂ ಕೇಳಿರಲಿಲ್ಲ. ಇಂದು ಎರಡು ಜೊತೆ ಉಣ್ಣೆಯ ಕಾಲುಚೀಲ ತೊಡಿಸಿ, ಅವನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು.

ಇಪ್ಪತ್ತು ದಿನ ಅವನು ಬರೆದ. ದಿನಕ್ಕೆ ಮೂರು ನಾಲ್ಕು ವಾಕ್ಯ, ಅಷ್ಟೇ ಶಕ್ತಿ. "ಅಕ್ಕನ ಗೊರಕೆಗೆ ಮಿಷನ್ ಹಾಕಿಸಿ" ಎಂದು ಬರೆದದ್ದನ್ನು ಓದಿ ಹೇಳಿದಾಗ ತಾಯಮ್ಮ, "ಮಾತು ವೋದ್ರೂ ಪೊಗರು ವೋಗಿಲ್ಲ ಮುಂಡೇದಕ್ಕೆ" ಎಂದು ಸೆರಗಿನಿಂದ ಅವನ ಬಾಯಿ ಒರೆಸಿದರು. ಮಗಳ ಜೊತೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದ. ಅವಳು ಆ ಚೀಟಿಗಳನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಒಂದು ದಿನ ಇಂದುವಿಗೆ ಬರೆದ: "ಕೂದಲು ಕತ್ತರಿಸಿದ್ದು ಯಾವಾಗ? ಚೆನ್ನಾಗಿದೆ." ಕತ್ತರಿಸಿ ಆರು ವಾರವಾಗಿತ್ತು. ಅವಳು ಆ ಹಾಳೆಯನ್ನು ಎರಡಾಗಿ ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು.

ಫೆಬ್ರವರಿ ಇಪ್ಪತ್ತೈದು, ಬುಧವಾರ. ಆಫೀಸಿನಿಂದ ನೇರವಾಗಿ ಹೋಗಿದ್ದೆ. ಇಂದು ಗ್ರೋಸರಿಗೆ ಹೋಗಿದ್ದಳು, ತಾಯಮ್ಮ ಮಲಗಿದ್ದರು. ಶಿವರಾಮು ಪೆನ್ನಿನ ಕಡೆ ನೋಡಿದ. ಸಿಕ್ಕಿಸಿ ಹಾಳೆ ಹಿಡಿದೆ. ಹನ್ನೆರಡು ನಿಮಿಷ ಹಿಡಿಯಿತು.

"ಮಿಷನ್ ಬೇಡ. ಡಾಕ್ಟರಿಗೆ ನೀನು ಹೇಳು."

"ಡಿಸೆಂಬರಲ್ಲಿ ಹೂಂ ಅಂದಿದ್ದೆಯಲ್ಲೋ?"

"ಇರ್ತೀರಾ ಅಂದಳು. ಇಲ್ಲ ಅನ್ನೋದು ಹೇಗೆ."

ಇಂದು ಬಂದಾಗ ಅವಳನ್ನು ಅಡುಗೆಮನೆಗೆ ಕರೆದು ಹಾಳೆ ತೋರಿಸಿದೆ. ಅವಳು ಓದಿದಳು. ಹಾಲಿನ ಕ್ಯಾನನ್ನು ಫ್ರಿಜ್ಜಿನಲ್ಲಿಟ್ಟಳು, ಮತ್ತೆ ಹೊರಗೆ ತೆಗೆದಳು.

"ಇವತ್ತು ಏನೋ ಬೇಜಾರಲ್ಲಿದ್ರು."

"ಇಂದು, ಅವನು ಹನ್ನೆರಡು ನಿಮಿಷ ಬರೆದಿದ್ದಾನೆ."

"ಮಗಳಿಗೆ ಎಂಟು ವರ್ಷ, ದ್ವಾರಕನಾಥ್. ಸ್ಕೂಲಿಂದ ಬಂದವಳು ಮೊದಲು ಅವರ ರೂಮಿಗೆ ಹೋಗ್ತಾಳೆ. ಅವರು ಮಾತಾಡಬೇಕು ಅಂತೇನಿಲ್ಲ, ಎದ್ದು ಕೂರಬೇಕು ಅಂತಿಲ್ಲ. ಅಲ್ಲಿ ಇದ್ರೆ ಸಾಕು." ಅವಳ ದನಿ ಏರಲಿಲ್ಲ. "ಸೋಮವಾರ ಡಾಕ್ಟರ ಹತ್ರ ಹೋಗ್ತೀವಲ್ಲ. ಅವರ ಎದುರಿಗೇ ಬರೀಲಿ. ಆಗ ನಾನು ಏನೂ ಹೇಳಲ್ಲ."

ಅದು ನ್ಯಾಯವೆಂದು ನನಗೂ ತೋರಿತು. ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡೆ.

ಶುಕ್ರವಾರ ಸಂಜೆ ಇಂದು ನಮ್ಮ ಮನೆಗೆ ಬಂದಳು. ತೊಳೆದ ಮಾರ್ಜರಿನ್ ಬೆಣ್ಣೆಯ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟಳು. ಒಳಗೆ ಪೆನ್ನು, ಎರಡು ತುಂಡಾಗಿ.

"ಕೆಳಗೆ ಬಿತ್ತು."

ತುಂಡುಗಳನ್ನು ದೀಪದ ಕೆಳಗೆ ಹಿಡಿದು ನೋಡಿದೆ. ಒಡೆದ ರೆಸಿನ್ ನೋಡುವುದು ನನ್ನ ಕೆಲಸ. ಕಾರ್ಖಾನೆಯಲ್ಲಿ ಅದಕ್ಕೇ ಸಂಬಳ. ಬಿದ್ದು ಒಡೆದರೆ ಪೆಟ್ಟು ತಗುಲಿದ ಜಾಗದಲ್ಲಿ ಪುಡಿಯಾಗಿರುತ್ತದೆ, ಅಲ್ಲಿಂದ ಬಿರುಕು ಹರಡುತ್ತದೆ. ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ ಮುರಿದರೆ, ಒಳಗೆ ಮಡಿಸಿದ ಬದಿಯಲ್ಲಿ ತುಟಿಯಂಥ ಸಣ್ಣ ಅಂಚೊಂದು ಉಳಿಯುತ್ತದೆ. ಈ ತುಂಡಿನ ಸೊಂಟದಲ್ಲಿ ಆ ತುಟಿ ಇತ್ತು. ಬೆರಳಿನಿಂದ ಸವರಿದೆ. ಶಿವರಾಮುವಿನ ಕೋಣೆಯಲ್ಲಿ ನೆಲದ ತುಂಬ ದಪ್ಪ ಕಾರ್ಪೆಟ್ಟು ಬೇರೆ.

ಇಂದು ನನ್ನ ಬೆರಳನ್ನೇ ನೋಡುತ್ತಿದ್ದಳು. ನಾನು ತಲೆಯೆತ್ತಲಿಲ್ಲ.

"ಇನ್ನೊಂದು ಬ್ಲ್ಯಾಂಕು ಇದೆ. ನಾಳೆ ಕೂತರೆ ಮುಗಿಯುತ್ತೆ" ಅಂದೆ.

"ಹೌದಾ" ಎಂದಳು. ವೇದವತಿ ಕೊಟ್ಟ ಕಾಫಿ ಮುಟ್ಟಲಿಲ್ಲ. ಹೊರಡುವಾಗ ಬಾಗಿಲ ಹತ್ತಿರ ತಿರುಗಿ, "ಚಳಿಯಲ್ಲಿ ಇದು ಬೇಗ ಒಡೆಯುತ್ತೆ ಅಂತ ವೇದಾ ಹೇಳ್ತಿದ್ರು" ಎಂದಳು. ಕಾರಿನಲ್ಲಿ ಕೂತು ಹೆಡ್‌ಲೈಟು ಹಾಕದೆ ಬಹಳ ಹೊತ್ತು ಹಾಗೇ ಇದ್ದಳು.

ಶನಿವಾರ ಬೆಳಗ್ಗೆ ಏಳಕ್ಕೆ ಎದ್ದೆ. ಓವನ್ನಿನ ಬಾಗಿಲ ಮೇಲೆ ವೇದವತಿ ಹಳೆಯ ಟವೆಲು ಮಡಿಸಿಟ್ಟಿದ್ದಳು. ಬ್ಲ್ಯಾಂಕು ರಾತ್ರಿಯೆಲ್ಲ ಗ್ಯಾರೇಜಿನ ಹಲಗೆಯ ಮೇಲಿತ್ತು. ಗೋಡೆಯ ಥರ್ಮಾಮೀಟರು ಆರು ಡಿಗ್ರಿ ತೋರಿಸುತ್ತಿತ್ತು. ಬ್ಲ್ಯಾಂಕನ್ನು ಕೈಗೆ ತೆಗೆದುಕೊಂಡಾಗ ನದಿಯಿಂದ ಎತ್ತಿದ ಕಲ್ಲಿನ ಹಾಗೆ ಕೊರೆಯಿತು.

"ಒಳಗೆ ಇಡ್ಲಾ?" ಎಂದು ವೇದವತಿ ಅಡುಗೆಮನೆಯಿಂದ ಕೇಳಿದಳು.

"ಈಗ ಬೇಡ" ಅಂದೆ.

ಅಲ್ಲಿ ನಿಂತು ಯೋಚಿಸಿದೆ ಎಂದು ಹೇಳಿದರೆ ತಪ್ಪಾದೀತು. ಶಿವರಾಮು ಬರೆದ ಹಾಳೆ ಜೇಬಿನಲ್ಲೇ ಇತ್ತು. ಅವನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಕೂತ ಇಂದು ಕಣ್ಣ ಮುಂದಿದ್ದಳು. ಇವರಿಬ್ಬರಲ್ಲಿ ಯಾರು ಸರಿ ಎಂದು ತೀರ್ಮಾನಿಸುವ ಶಕ್ತಿ ನನಗಿರಲಿಲ್ಲ. ತೀರ್ಮಾನ ನನ್ನದಲ್ಲ, ರೆಸಿನ್‌ನದು ಎನ್ನುವ ಹಾಗೆ ಬ್ಲ್ಯಾಂಕನ್ನು ಲೇತಿಗೆ ಕಟ್ಟಿದೆ. ಆದರೆ ಆರು ಡಿಗ್ರಿಯಲ್ಲಿ ರೆಸಿನ್ ಏನು ತೀರ್ಮಾನಿಸುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಆ ಊರಿನಲ್ಲೇ ಇರಲಿಲ್ಲ.

ಗುಂಡಿ ಒತ್ತಿದೆ. ಉಳಿ ತಾಗಿಸಿದ ಕೂಡಲೇ ಹರಳು ಸಿಡಿಯಲು ಶುರುವಾಯಿತು. ಕನ್ನಡಕಕ್ಕೆ, ತುಟಿಗೆ, ಸ್ವೆಟರಿನ ತೋಳಿಗೆ. ಲೇತ್ ನಿಲ್ಲಿಸಬೇಕಿತ್ತು. ಉಳಿಯನ್ನು ಇನ್ನಷ್ಟು ಒತ್ತಿದೆ. ಮೂರನೆಯ ನಿಮಿಷಕ್ಕೆ ಶಬ್ದ ಬಂತು. ಒಂದು ತುಂಡು ಸೀಲಿಂಗಿಗೆ ಹೋಗಿ ಬಡಿಯಿತು.

ವೇದವತಿ ಬಾಗಿಲು ತೆರೆದು ನೋಡಿದಳು. ನೆಲದ ಮೇಲಿನ ಚೂರುಗಳನ್ನು, ನನ್ನನ್ನು, ಆಮೇಲೆ ಗೋಡೆಯ ಥರ್ಮಾಮೀಟರನ್ನು. ಪೊರಕೆ ತಂದಳು. ಪುಸ್ತಕದಲ್ಲಿ ಆ ದಿನದ ಸಾಲಿನಲ್ಲಿ ತಾರೀಖು, ವ್ಯಾಸ ಬರೆದೆ. ಉಷ್ಣಾಂಶದ ಜಾಗ ಖಾಲಿ ಬಿಟ್ಟೆ.

ಸೋಮವಾರ ಆಸ್ಪತ್ರೆಗೆ ಕಾರು ಓಡಿಸಿದವನು ನಾನೇ. ಹಿಂದಿನ ಸೀಟಿನಲ್ಲಿ ಅಪ್ಪನ ಪಕ್ಕ ಕೂತಿದ್ದ ಮಗಳು ಅವನ ಕಣ್ಣುಗಳನ್ನೇ ನೋಡುತ್ತ ಬಂದು, "ಹೀ ವಾಂಟ್ಸ್ ಹಿಸ್ ಪೆನ್, ಅಂಕಲ್" ಎಂದಳು. ಕನ್ನಡಿಯಲ್ಲಿ ನೋಡಿದೆ. ಶಿವರಾಮು ಕಣ್ಣು ಮುಚ್ಚಿ ತೆರೆದ.

"ಒಡೆದುಹೋಯಿತು ಮರಿ" ಅಂದೆ.

"ಸೋ ಮೇಕ್ ಅನದರ್ ಒನ್."

ಇನ್ನೊಂದಕ್ಕೆ ಐದು ದಿನ ಪದರ, ಎರಡು ದಿನ ಓವನ್ ಎಂದು ಅವಳಿಗೆ ಹೇಳಿದೆ. ಎಡಗೈಯ ಆ ಎರಡು ಬೆರಳಿಗೆ ಅಷ್ಟು ದಿನ ಉಳಿದಿಲ್ಲವೆಂದು ಹೇಳಲಿಲ್ಲ.

ಡಾಕ್ಟರು ಒಳ್ಳೆಯವರು, ಆತುರವಿಲ್ಲದವರು. ಮಿಷನ್ ಬೇಕೇ ಎಂದು ಶಿವರಾಮುವನ್ನೇ ಕೇಳಿದರು. ಒಂದು ಬದಿಗೆ ಇಂದು, ಇನ್ನೊಂದು ಬದಿಗೆ ತಾಯಮ್ಮ ಅವನ ಕೈ ಹಿಡಿದಿದ್ದರು. ಮಗಳು ಅವನ ಮೊಣಕಾಲಿಗೆ ಒರಗಿದ್ದಳು. ಅವನು ಕಣ್ಣು ಮುಚ್ಚಲಿಲ್ಲ. ನೋಟ ಪಕ್ಕಕ್ಕೂ ಸರಿಸಲಿಲ್ಲ. ಅವರೆಲ್ಲರ ತಲೆಯ ಮೇಲಿಂದ, ಬಾಗಿಲ ಬಳಿ ನಿಂತಿದ್ದ ನನ್ನನ್ನು ನೋಡಿದ. ಡಾಕ್ಟರು ಮತ್ತೊಮ್ಮೆ ಕೇಳಿದರು. ಅವನು ನನ್ನನ್ನೇ ನೋಡುತ್ತಿದ್ದ. ನೀನು ಹೇಳು ಎಂದು ಬರೆದಿದ್ದನಲ್ಲ.

ಡಾಕ್ಟರು ನನ್ನ ಕಡೆ ತಿರುಗಿ, ಇವರು ಈಚೆಗೆ ಬರೆಯುತ್ತಿದ್ದರಂತಲ್ಲ ಎಂದರು.

"ಬರೆಯುತ್ತಿದ್ದ. ಪೆನ್ನು ಒಡೆದುಹೋಯಿತು" ಎಂದೆ. ಎರಡು ವಾಕ್ಯವೂ ನಿಜ.

ಇಂದು ತಲೆ ತಗ್ಗಿಸಿದಳು. ಡಾಕ್ಟರು ಸ್ವಲ್ಪ ಕಾದು, ಸ್ಪಷ್ಟವಾಗಿ ಬೇಡವೆನ್ನದಿದ್ದರೆ ಹಾಕುವುದೇ ಕ್ರಮ ಎಂದು ಹೇಳಿ ಬರೆದುಕೊಂಡರು.

ಏಪ್ರಿಲಿನಲ್ಲಿ ಮಿಷನ್ ಹಾಕಿದರು. ತಾಯಮ್ಮ ವೀಸಾ ಮುಗಿದು ಮಂಡ್ಯಕ್ಕೆ ಹಿಂದಿರುಗಿದರು. ಇಂದು ಕೆಲಸ ಬಿಟ್ಟು, ಗಂಟಲ ಕೊಳವೆ ತೊಳೆಯುವುದನ್ನು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಕಲಿತಳು. ಅವನ ಮೈಯಲ್ಲಿ ಒಂದು ಹುಣ್ಣೂ ಆಗದಂತೆ ನೋಡಿಕೊಂಡಳು. ಮಗಳು ಶಾಲೆಯಿಂದ ಬಂದು ಮೊದಲು ಆ ಕೋಣೆಗೆ ಹೋಗುತ್ತಿದ್ದಳು; ಒಂದು ವರ್ಷದ ಮೇಲೆ ಮೊದಲು ಫ್ರಿಜ್ಜಿಗೆ ಹೋಗಿ, ಆಮೇಲೆ ಕೋಣೆಗೆ ಹೋಗುತ್ತಿದ್ದಳು. ನಾನು ಪ್ರತಿ ಭಾನುವಾರ ಹೋಗಿ, ಹಡಗಿನಲ್ಲಿ ಎರಡು ತಿಂಗಳು ತಡವಾಗಿ ಬರುವ ಕನ್ನಡ ವಾರಪತ್ರಿಕೆ ಓದುತ್ತಿದ್ದೆ. ಲೇತ್ ಮಾರಿದೆ.

1988ರ ನವೆಂಬರಿನ ಒಂದು ಭಾನುವಾರ, ಇಂದು ಕೆಳಗೆ ಬಟ್ಟೆ ಒಗೆಯಲು ಹೋಗಿದ್ದಾಗ, ಪತ್ರಿಕೆ ಮಡಿಸಿ ಅವನ ಹತ್ತಿರ ಬಗ್ಗಿದೆ. ಮಿಷನ್ನಿನ ಸದ್ದಿಗೆ ದನಿ ಸ್ವಲ್ಪ ಎತ್ತಬೇಕಾಯಿತು.

"ಶಿವರಾಮು, ಎರಡನೇ ಬ್ಲ್ಯಾಂಕನ್ನು ನಾನೇ ಒಡೆದದ್ದು. ಕಾಯಿಸದೆ ಹಾಕಿದೆ. ಗೊತ್ತಿದ್ದೇ ಹಾಕಿದೆ."

ಅವನು ನನ್ನನ್ನು ನೋಡಿದ. ಕೋಪವೋ, ಮೊದಲೇ ತಿಳಿದಿತ್ತೋ, ಕ್ಷಮೆಯೋ, ಏನೂ ಇಲ್ಲವೋ. ಆ ಮುಖದ ಸ್ನಾಯುಗಳು ಯಾವುದನ್ನೂ ತೋರಿಸಲಾರದಷ್ಟು ಸೋತಿದ್ದವು. ನಾನು ಕಾದೆ. ಕಾದ ಮೇಲೆ ಹೊಳೆಯಿತು, ನಾನು ಏನನ್ನೂ ಕೇಳಿಲ್ಲ. ಉತ್ತರಿಸಲು ಅವನಿಗೆ ಏನೂ ಇಲ್ಲ. ಯಾವ ಪ್ರಶ್ನೆಯನ್ನು ಕೇಳಬೇಕೆಂದು ಹುಡುಕಿದೆ. ಬಾಯಿಗೆ ಬಂದ ಒಂದೊಂದಕ್ಕೂ ಹೆದರಿ ಬಿಟ್ಟೆ. ಮೆಟ್ಟಿಲ ಮೇಲೆ ಇಂದುವಿನ ಹೆಜ್ಜೆ ಕೇಳಿಸಿತು.

"ಮೂಗು ತುರಿಸುತ್ತಿದೆಯಾ?" ಎಂದು ಕೇಳಿದೆ.

ಕಣ್ಣು ಮುಚ್ಚಿದ. ತುರಿಸಿದೆ.